ನಲವತ್ತು ಬಾಟಲಿ ಬಿಯರ್

ಮೂರನೆಯ ಸಲವೂ ಗರ್ಭ ನಿಲ್ಲಲಿಲ್ಲವೆಂದು ತಿಳಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇನ್ನು ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು ಎಂದರು. ಒಳ್ಳೆಯ ಹೆಂಗಸು. ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. ನಾನು ಅಳಲಿಲ್ಲ. ಅತ್ತವನು ನನ್ನ ಗಂಡ. ಎರಡು ಹಾಳೆ ಎಳೆದುಕೊಂಡು ಮುಖ ಒರೆಸಿಕೊಂಡ. ಆಮೇಲೆ ಪಾರ್ಕಿಂಗ್ ಹೊತ್ತು ಮೀರುತ್ತದೆಂದು ಎದ್ದು ನಿಂತ.

ಅದು ಜನವರಿ. ನಾವು ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದು ಒಂಬತ್ತು ವರ್ಷವಾಗಿತ್ತು, ಮದುವೆಯಾಗಿ ಹನ್ನೊಂದು. ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಕ್ಲಾಸಿನವರು, ಹಾಗಾಗಿ ಮದುವೆಯಾದ ಮೇಲೂ ನನ್ನ ಬಾಯಿಗೆ 'ರೀ' ಬರಲಿಲ್ಲ. ಅತ್ತೆಯವರ ಎದುರಿಗೆ ಮಾತ್ರ ಹೆಸರು ಹಿಡಿಯದೆ ಹೇಗೋ ಸಂಭಾಳಿಸುತ್ತಿದ್ದೆ. ಇಲ್ಲಿ ಅವನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ, ನಾನು ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ. ಮನೆಗೆ ಎರಡು ಮಲಗುವ ಕೋಣೆ. ಒಂದರಲ್ಲಿ ಇಸ್ತ್ರಿ ಮೇಜು ಬಿಟ್ಟರೆ ಏನೂ ಇಟ್ಟಿರಲಿಲ್ಲ. ಏಕೆ ಇಟ್ಟಿಲ್ಲವೆಂದು ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ.

ಮಾರ್ಚಿನ ಒಂದು ಸಂಜೆ ಅವನು ಅಂಗಡಿಯಿಂದ ಎರಡು ಬಾಟಲಿ ಬಿಯರ್ ತಂದ. ಎರಡನ್ನೂ ತೆರೆದು, ಒಂದನ್ನು ನನ್ನ ಮುಂದಿಟ್ಟ.

"ಇನ್ನ ನೀನೂ ಕುಡೀಬಹುದಲ್ಲ," ಅಂದ.

ಪ್ರೀತಿಯಿಂದಲೇ ಅಂದದ್ದು. ಧಾರವಾಡದ ನಮ್ಮ ಮನೆಯಲ್ಲಿ ಬಿಯರ್ ಎಂಬ ಮಾತನ್ನೇ ಆಡುವಂತಿರಲಿಲ್ಲ. ನಮ್ಮಪ್ಪ ಬಾರಿನ ಮುಂದೆ ನಡೆಯಬೇಕಾದೀತೆಂದು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ ಮನುಷ್ಯ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ, ನದಿಯ ಪಕ್ಕದ ಮರದ ಬೆಂಚುಗಳ ಮೇಲೆ ಕುಳಿತು, ಅಪರಾಧ ಮಾಡಿದವರಂತೆ ನಗುತ್ತ ನಾವಿಬ್ಬರೂ ಕುಡಿಯುವುದನ್ನು ಕಲಿತೆವು. ಚಿಕಿತ್ಸೆ ಶುರುವಾದ ಮೇಲೆ ಐದು ವರ್ಷ ನಾನು ಒಂದು ಹನಿ ಮುಟ್ಟಿರಲಿಲ್ಲ. ಅಂದು ಆ ಬಾಟಲಿ ನನ್ನ ಮುಂದೆ ಬಂದು ನಿಂತಾಗ ಎಲ್ಲ ಮುಗಿಯಿತೆಂದು ಮೊದಲ ಬಾರಿಗೆ ನನಗೆ ಅರ್ಥವಾಯಿತು. ಡಾಕ್ಟರು ಹೇಳಿದಾಗ ಅರ್ಥವಾಗಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹೊರಗೆ ಬಂದಾಗ ಅವನು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ.

"ಒಂದು ಮಾತು ಹೇಳ್ಲೇನು? ಇದನ್ನ ನಾವ ಯಾಕ ಮಾಡಬಾರದು?"

"ಯಾವುದನ್ನ?"

"ಬಿಯರ್. ಮನ್ಯಾಗ. ಇಲ್ಲೆ ಭಾಳ ಮಂದಿ ಮಾಡ್ತಾರ. ಶನಿವಾರ ಬಂತಂದ್ರ ನಾವು ಸುಮ್ಮನ ಗ್ವಾಡಿ ನೋಡಿಕೋತ ಕೂಡ್ತೀವಿ. ಅದರಕಿಂತ ಇದು ಛಲೋ."

ಐದು ವರ್ಷ ನಮ್ಮ ಶನಿವಾರಗಳೆಲ್ಲ ಇಂಜೆಕ್ಷನ್ನು, ತಾರೀಕು, ಲೆಕ್ಕಾಚಾರಗಳಲ್ಲಿ ಹೋಗಿದ್ದವು. ಹೌದು ಅಂದೆ.

ಮುಂದಿನ ಎರಡು ವಾರ ಅವನು ಆ ಕೆಲಸಕ್ಕೆ ಬಿದ್ದ ರೀತಿ ನೋಡಿ ನನಗೆ ಹಳೆಯ ಹುಡುಗ ಮರಳಿ ಬಂದನೇನೋ ಅನಿಸಿತು. ಹೊಸ ಯಂತ್ರಗಳ ಬೆಲೆ ನೋಡಿ ಇಬ್ಬರೂ ನಕ್ಕೆವು. ತಾನಾಗಿಯೇ ಬಿಯರ್ ಬೇಯಿಸುವ ಸ್ಟೀಲಿನ ಯಂತ್ರದ ಬೆಲೆಗೆ ಒಂದು ಹಳೆಯ ಕಾರೇ ಬರುತ್ತಿತ್ತು. ಅವನು ವಿಡಿಯೋ ನೋಡಿ ನೋಡಿ ಒಂದು ಪಟ್ಟಿ ಮಾಡಿದ. ಹಣ್ಣು ತರಕಾರಿಗಳನ್ನು ಬಾಟಲಿಯಲ್ಲಿ ಕಟ್ಟಿಡಲು ಇಲ್ಲಿನ ಅಜ್ಜಿಯರು ಬಳಸುವ ದೊಡ್ಡ ಕರೆಂಟಿನ ಹಂಡೆಯೊಂದಿರುತ್ತದೆ, ಬೇಕಾದ ಶಾಖಕ್ಕೆ ತಿರುಗಿಸಿಟ್ಟರೆ ಅಲ್ಲಿಯೇ ನಿಲ್ಲುತ್ತದೆ, ಅದು ಸಾಕು. ಹುಳಿಬರಿಸಲು ಮುಚ್ಚಳವಿರುವ, ತಳದಲ್ಲಿ ನಲ್ಲಿಯಿರುವ ಪ್ಲಾಸ್ಟಿಕ್ ಬಕೆಟ್ಟು ಎರಡು. ಒಳಗಿನ ಗಾಳಿ ಹೊರಗೆ ಹೋಗಿ, ಹೊರಗಿನದು ಒಳಗೆ ಬಾರದಂತೆ ತಡೆಯುವ ಸಣ್ಣದೊಂದು ಕೊಳವೆ. ಥರ್ಮಾಮೀಟರು. ಸಿಹಿ ಎಷ್ಟು ಉಳಿದಿದೆಯೆಂದು ಅಳೆಯುವ ತೇಲುವ ಗಾಜಿನ ಕಡ್ಡಿ. ತಂತಿ ಒತ್ತಿ ಮುಚ್ಚುವ ಬಿರಡೆಯ ಬಾಟಲಿಗಳು.

ಇಲ್ಲಿ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಮೊದಲೇ ಝೋಲ್‌ಗೆ, ಅಂದರೆ ಸುಂಕದ ಕಚೇರಿಗೆ, ತಿಳಿಸಿರಬೇಕು. ಆ ಪತ್ರ ಬರೆಯಲು ನಾನು ಕುಳಿತೆ.

"ನಿನ್ನ ಹೆಸರಷ್ಟ ಹಾಕು," ಅಂದ ಅವನು ಹಿಂದಿನಿಂದ.

"ಯಾಕ? ಇಬ್ಬರೂ ಕೂಡೇ ಮಾಡೋದಲ್ಲ?"

"ಇಬ್ಬರದು ಹಾಕಿದ್ರ ಸುಮ್ಮನ ಕಾಗದಪತ್ರ ಜಾಸ್ತಿ. ನಿಂದ ಜರ್ಮನ್ ಛಲೋ ಅದ."

ನನ್ನ ಹೆಸರಷ್ಟೇ ಹಾಕಿ ಕಳಿಸಿದೆ.

ಪಟ್ಟಿಯಲ್ಲಿದ್ದುದೆಲ್ಲ ಒಂದೇ ಕಡೆ ಸಿಕ್ಕಿತು. ಊರಿಂದ ಅರ್ಧ ತಾಸಿನ ದಾರಿ, ನದಿಯ ಪಕ್ಕದ ಒಂದು ಹಳ್ಳಿ. ಆನ್‌ಲೈನಿನಲ್ಲಿ ಜಾಹೀರಾತು ಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಪ್ಲಂಬರ್. ಎತ್ತರದ ಆಳು, ದೊಡ್ಡ ಅಂಗೈ. ನೆಲಮಾಳಿಗೆಗೆ ಕರೆದುಕೊಂಡು ಹೋದರು. ಪ್ರತಿಯೊಂದನ್ನೂ ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು.

"ಮೂವತ್ತು ವರ್ಷ ಮಾಡಿದ್ದೇನೆ," ಅಂದರು. "ಎರಡು ವರ್ಷದ ಹಿಂದೆ ಜ್ವರ ಬಂತು. ಜ್ವರ ಹೋಯಿತು. ಮೂಗು ಹೋದದ್ದು ಮಾತ್ರ ಮರಳಿ ಬರಲಿಲ್ಲ. ವಾಸನೆಯೂ ಇಲ್ಲ, ರುಚಿಯೂ ಇಲ್ಲ."

ಆಮೇಲೆ ಮೊದಲನೆಯ ಬಕೆಟ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ದಯವಿಟ್ಟು ನೀವು ಮೂಸಿ ನೋಡಿ. ನನಗೆ ತಿಳಿಯುವುದಿಲ್ಲ. ಹುಳಿ ವಾಸನೆಯಿದ್ದರೆ ಹೇಳಿ."

ನಾನು ಬಕೆಟ್ಟಿನೊಳಗೆ ತಲೆ ಹಾಕಿ ಮೂಸಿದೆ. ಏನೂ ಇರಲಿಲ್ಲ, ಸೋಪಿನ ವಾಸನೆ ಬಿಟ್ಟರೆ. ಎರಡನೆಯದರಲ್ಲಿ ಹಳಸಿದ ಮಜ್ಜಿಗೆಯ ಹಾಗೆ ಏನೋ ಸಣ್ಣಗೆ ಬಂತು. ಹೇಳಲೋ ಬೇಡವೋ ಎಂದು ಹಿಂದುಮುಂದು ನೋಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇದರಲ್ಲಿ ಸ್ವಲ್ಪ ಇದೆ," ಅಂದೆ.

ಅವರು ಬಕೆಟ್ಟನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಒಳಗೋಡೆಯನ್ನು ಸವರಿ, ಒಂದು ಗೀರು ತೋರಿಸಿದರು. "ಇಲ್ಲಿ ಕೂತಿದೆ. ಗೀರು ಬಿದ್ದ ಬಕೆಟ್ಟನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಹಂಡೆ ಹಳೆಯದಾದರೆ ಚಿಂತೆಯಿಲ್ಲ, ಅದರಲ್ಲಿ ಕುದಿಸುತ್ತೀರಿ. ಬಕೆಟ್ಟು ಮಾತ್ರ ಗೀರಿಲ್ಲದ್ದೇ ಇರಲಿ." ಹಾಗೆಂದು ತಮ್ಮ ಸರಕನ್ನೇ ತೆಗೆದು ಮೂಲೆಗೆಸೆದರು.

"ಬಿಯರ್ ಮಾಡುವವರು ಯಾರು?" ಎಂದು ಕೇಳಿದರು.

'ನಾವಿಬ್ಬರೂ' ಎಂದು ನಾನು ಅನ್ನುವಷ್ಟರಲ್ಲಿ ನನ್ನ ಗಂಡ, "ಇವಳು," ಅಂದ.

ಅವರು ಖುಷಿಯಾದರು. ಹಂಡೆ, ಒಳ್ಳೆಯ ಬಕೆಟ್ಟು, ಕೊಳವೆ, ಗಾಜಿನ ಕಡ್ಡಿ, ಎರಡು ಕ್ರೇಟು ಬಾಟಲಿ, ಎಲ್ಲವನ್ನೂ ಕೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟರು. ಉದ್ದ ಹಿಡಿಕೆಯ ಮರದ ಸೌಟನ್ನು ಹಾಗೆಯೇ ಕೊಟ್ಟರು. ಕೊನೆಗೆ, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿದ ಮೇಲೆ ಸೋಸುವುದು ಹೇಗೆಂದು ಕೇಳಿದೆ.

"ಅಂಗಡಿಯವರು ನಿಮಗೆ ದುಬಾರಿ ಜಾಲರಿ ಮಾರಲು ನೋಡುತ್ತಾರೆ. ಬೇಡ. ಮಕ್ಕಳಿಗೆ ಕಟ್ಟುವ ಬಟ್ಟೆಯ ಲಂಗೋಟಿ ಇರುತ್ತದಲ್ಲ, ತೆಳ್ಳನೆಯದು, ಅದಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ. ಇಲ್ಲಿ ಎಲ್ಲರೂ ಅದರಲ್ಲೇ ಸೋಸುತ್ತಾರೆ." ನಮ್ಮಿಬ್ಬರನ್ನೂ ನೋಡಿ ನಕ್ಕು, "ನಿಮ್ಮ ಮನೆಯಲ್ಲೇ ಇರಬಹುದು," ಅಂದರು.

ನನ್ನ ಗಂಡ ಹಂಡೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಕಾರಿನ ಕಡೆ ಹೋದ. ಇಲ್ಲ, ನಮ್ಮಲ್ಲಿಲ್ಲ, ಕೊಳ್ಳುತ್ತೇವೆ ಎಂದು ನಾನು ಹೇಳಿದೆ.

ಹಿಂತಿರುಗುವ ದಾರಿಯಲ್ಲೇ ನಾವು ಮನೆಸಾಮಾನು ಕೊಳ್ಳುವ ಅಂಗಡಿ ಇತ್ತು. ಅವನು ಕಾರು ನಿಲ್ಲಿಸಿದ, ಆದರೆ ಸೀಟ್‌ಬೆಲ್ಟು ತೆಗೆಯಲಿಲ್ಲ.

"ನೀ ಹೋಗಿ ಬಾ. ನಾ ಇಲ್ಲೇ ಇರ್ತೀನಿ."

ಒಂಬತ್ತು ವರ್ಷದಲ್ಲಿ ಆ ಅಂಗಡಿಗೆ ಎಷ್ಟು ಸಲ ಹೋಗಿದ್ದೆನೋ. ಶಾಂಪೂ, ಪೇಸ್ಟು, ಪಾತ್ರೆ ತಿಕ್ಕುವ ಸೋಪು. ಮಕ್ಕಳ ಸಾಮಾನಿನ ಕೊನೆಯ ಸಾಲಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಇಟ್ಟರೆ ದೃಷ್ಟಿಯಾದೀತೆಂಬ ಮೂಢ ಭಯ. ಅಂದು ಹೋದೆ. ಹಾಲುಬಾಟಲಿ, ಸಣ್ಣ ಸಣ್ಣ ಕಾಲುಚೀಲ, ಪುಡಿಯ ಘಮ. ಬಟ್ಟೆಗಳ ಕಟ್ಟಿನಲ್ಲಿ ಬಿಳಿಯದು, ಎಲ್ಲಕ್ಕಿಂತ ಅಗ್ಗದ್ದು, ಎತ್ತಿಕೊಂಡೆ. ಪಕ್ಕದಲ್ಲಿ ತುಂಬು ಗರ್ಭಿಣಿಯೊಬ್ಬಳು ಅದೇ ಕಟ್ಟಿಗೆ ಕೈಚಾಚುತ್ತಿದ್ದವಳು, ನೋಡಿ, ನಕ್ಕು, "ಇವು ಒಗೆದ ಮೇಲೆ ಮೆತ್ತಗಾಗುತ್ತವಾ?" ಎಂದು ಕೇಳಿದಳು.

ಆಗುತ್ತವೆ ಅಂದೆ. ಏಕೆ ಹಾಗೆ ಅಂದೆನೋ ತಿಳಿಯದು. ಚೆನ್ನಾಗಿ ಮೆತ್ತಗಾಗುತ್ತವೆ, ಮೊದಲು ಎರಡು ಸಲ ಬಿಸಿನೀರಿನಲ್ಲಿ ಒಗೆಯಿರಿ ಎಂದೂ ಸೇರಿಸಿದೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ಕಾರಿಗೆ ಬಂದು ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಆದರೂ ಬಿಯರ್ ಬೇಯಿಸಿದ ದಿನ ಒಳ್ಳೆಯ ದಿನವಾಗಿತ್ತು. ಅದನ್ನು ಸುಳ್ಳು ಅನ್ನಲಾರೆ. ಏಪ್ರಿಲಿನ ಶನಿವಾರ, ಕಿಟಕಿಗಳೆಲ್ಲ ತೆರೆದಿದ್ದವು. ಮೊಳಕೆ ಬರಿಸಿ ಒಣಗಿಸಿ ಒಡೆದ ಜವೆಗೋಧಿಯನ್ನು ಹಂಡೆಯ ಬಿಸಿನೀರಿಗೆ ಸುರಿದಾಗ, ಮನೆತುಂಬ ಗೋಧಿಹುಗ್ಗಿ ಕುದಿಯುತ್ತಿರುವಂಥ ವಾಸನೆ ಎದ್ದಿತು. ಅವನು ಥರ್ಮಾಮೀಟರ್ ಹಿಡಿದು ನಿಂತ, ನಾನು ಸೌಟು ತಿರುವಿದೆ.

"ಅರವತ್ತೆರಡು. ನಿಲ್ಲಸು, ನಿಲ್ಲಸು. ಏರ್ಲಿಕತ್ತದ."

"ನಿಲ್ಲಿಸೀನೋ ಮಾರಾಯ. ಹಂಡೇನ ಮಾತು ಕೇಳವಲ್ದು."

ಪಿಷ್ಟವೆಲ್ಲ ಸಿಹಿಯಾಯಿತೋ ಇಲ್ಲವೋ ನೋಡಲು ಬಿಳಿ ತಟ್ಟೆಯ ಮೇಲೆ ಅದರ ಒಂದು ಹನಿಯಿಟ್ಟು ಅಯೋಡಿನ್ ಹನಿಸಬೇಕು; ನೀಲಿಯಾದರೆ ಇನ್ನೂ ಆಗಿಲ್ಲ. ಪಿಯುಸಿ ಲ್ಯಾಬಿನ ಹಾಗೆ ಇಬ್ಬರೂ ತಟ್ಟೆಯ ಮೇಲೆ ಬಗ್ಗಿದೆವು. ಮೂರನೆಯ ಸಲ ಹನಿ ಕಂದಾಗಿಯೇ ಉಳಿಯಿತು. ಅವನು "ಪಾಸ್!" ಎಂದು ಕೂಗಿ ನನ್ನ ಹೆಗಲು ತಟ್ಟಿದ. ಕೈ ಅಲ್ಲಿಯೇ ಒಂದು ಗಳಿಗೆ ಇತ್ತು. ಆಮೇಲೆ ತೆಗೆದ.

ಕಾಳನ್ನು ಬಸಿದು ತೆಗೆದು, ಉಳಿದ ಸಿಹಿನೀರಿಗೆ ಹಾಪ್ಸ್ ಹಾಕಿ ಕುದಿಸಿ, ಆ ಬಿಳಿ ಬಟ್ಟೆಯನ್ನು ಬಕೆಟ್ಟಿನ ಬಾಯಿಗೆ ಕಟ್ಟಿ ಸೋಸಿದೆವು. ಬಟ್ಟೆ ಹಸಿರಾಯಿತು. ಅದನ್ನು ಹಿಂಡಿ ಒಣಹಾಕುವ ಕೆಲಸವನ್ನು ನಾನೇ ಮಾಡಿದೆ, ಅವನಿಗೆ ಬಿಡಲಿಲ್ಲ. ತಣಿದ ಮೇಲೆ ಯೀಸ್ಟು ಹಾಕಿದ ಬಕೆಟ್ಟನ್ನು ಹೆಚ್ಚು ಬಿಸಿಯೂ ಅಲ್ಲದ, ತಣ್ಣಗೂ ಇರದ ಕಡೆ ಇಡಬೇಕಿತ್ತು. ಮನೆಯಲ್ಲಿ ಹಾಗಿದ್ದುದು ಆ ಎರಡನೆಯ ಕೋಣೆಯೊಂದೇ. ಮರುದಿನ ಬೆಳಿಗ್ಗೆ ಕೊಳವೆಯಿಂದ ಗುಳುಗುಳು ಶಬ್ದ ಶುರುವಾಯಿತು. ನಾನು ಕಾಫಿ ಹಿಡಿದು ಹೋಗಿ ಅದರ ಮುಂದೆ ನೆಲದ ಮೇಲೆ ಕುಳಿತೆ. ಆ ಕೋಣೆಯಲ್ಲಿ ಹಾಗೆ ಕುಳಿತದ್ದು ಅದೇ ಮೊದಲು. ಪ್ರತಿದಿನ ಆಫೀಸಿಗೆ ಹೋಗುವ ಮುನ್ನ ಹತ್ತು ನಿಮಿಷ ಕುಳಿತಿರುತ್ತಿದ್ದೆ. ಅವನು ಬಾಗಿಲ ತನಕ ಬರುತ್ತಿದ್ದ, ಒಳಗೆ ಬರುತ್ತಿರಲಿಲ್ಲ.

ಎಂಟನೆಯ ದಿನ ಶಬ್ದ ನಿಂತಿತು. ಗಾಜಿನ ಕಡ್ಡಿ ಎರಡು ದಿನ ಒಂದೇ ಅಂಕಿ ತೋರಿಸಿತು. ಬಾಟಲಿ ತುಂಬುವ ಭಾನುವಾರ. ಬಾಟಲಿಗಳನ್ನೆಲ್ಲ ಕುದಿಯುವ ನೀರಿನಲ್ಲಿ ತೊಳೆದು ಟವೆಲ್ಲಿನ ಮೇಲೆ ಮಗುಚಿಟ್ಟಿದ್ದೆ. ಅವನು ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕುಳಿತ.

"ನಾ ಒಂದು ಹೇಳಬೇಕಾಗ್ಯದ. ಸಿಂಡೆಲ್‌ಫಿಂಗೆನ್‌ದಾಗ ನನಗ ಕೆಲಸ ಸಿಕ್ಕದ. ಜೂನ್ ಒಂದಕ್ಕ ಸೇರಬೇಕು."

ಮೂರ್ನಾಲ್ಕು ತಾಸಿನ ದಾರಿಯ ಊರು, ಆದರೂ ನನಗೆ ಸಂತೋಷವೇ ಆಯಿತು. ನನ್ನ ಕೆಲಸ ಬಿಡಬೇಕೇ, ಅಲ್ಲಿ ಮನೆ ಸಿಗುತ್ತದೆಯೇ ಎಂದು ಯೋಚಿಸತೊಡಗಿದ್ದೆ. ಅವನು ನನ್ನ ಮುಖ ನೋಡದೆ, "ನಾ ಒಬ್ಬನ ಹೋಗ್ತೀನಿ," ಅಂದ.

"ಅಂದ್ರ?"

"ಅಂದ್ರ ಅದ. ನಿಂದೇನೂ ತಪ್ಪಿಲ್ಲ. ಮಗೂ ಸಲುವಾಗಿ ಅಲ್ಲ, ದೇವರಾಣೆ. ನಿನ್ನ ಮುಖ ನೋಡಿದ್ರ ನನಗ ಆ ಐದು ವರ್ಷ ಕಾಣ್ತಾವ. ನನಗ ನೋಡ್ಲಿಕ್ಕಾಗವಲ್ದು."

"ನನಗ ನಿನ್ನ ಮುಖದಾಗ ಕಾಣಂಗಿಲ್ಲೇನು?"

ಅವನು ಮಗುಚಿಟ್ಟಿದ್ದ ಬಾಟಲಿಯೊಂದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

"ಯಾವಾಗ ಸಿಕ್ಕದ ಇದು?"

"ಫೆಬ್ರುವರಿದಾಗ ಸಹಿ ಮಾಡೀನಿ."

ಫೆಬ್ರುವರಿ. ಪಟ್ಟಿ ಮಾಡಿದ್ದು ಮಾರ್ಚಿನಲ್ಲಿ. ಹಳ್ಳಿಗೆ ಹೋಗಿದ್ದು, ಅಯೋಡಿನ್ ತಟ್ಟೆಯ ಮೇಲೆ ಬಗ್ಗಿದ್ದು, ಎಲ್ಲ ಅದರ ಆಮೇಲೆ.

"ಮತ್ತ ಇದೆಲ್ಲಾ ಯಾಕ ಮಾಡಿಸ್ದಿ ನನ್ನ ಕಡಿಂದ?"

"ನಾ ಹೋದಮ್ಯಾಲ ನಿನಗ ಏನರೆ ಒಂದು ಇರ್ಲಿ ಅಂತ."

"ನಾಯಿ ಕೊಡಸಬೇಕಿತ್ತು ಹಂಗಾರ."

"ನಿನಗ ನಾಯಿ ಕಂಡ್ರ ಅಂಜಿಕಿ," ಅಂದ ಅವನು, ಮೆಲ್ಲಗೆ.

ಅದು ನಿಜ. ಹನ್ನೊಂದು ವರ್ಷ ಜೊತೆಗಿದ್ದವನಿಗೆ ಗೊತ್ತಿರುವ ನಿಜ. ಅವನು ಬೈದಿದ್ದರೆ, ಇನ್ನೊಬ್ಬಳಿದ್ದಾಳೆ ಅಂದಿದ್ದರೆ, ತಡೆದುಕೊಳ್ಳುತ್ತಿದ್ದೆನೇನೋ. ಆ ಮಾತನ್ನು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಗೋಡೆಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಬಕೆಟ್ಟಿನ ಮುಚ್ಚಳ ತೆರೆದಾಗಿತ್ತು, ತೆರೆದ ಬಿಯರ್ ಕಾಯುವುದಿಲ್ಲ, ಹಾಳಾಗುತ್ತದೆ. ಹಾಗಾಗಿ ನಾವು ತುಂಬಿದೆವು. ಪ್ರತಿ ಬಾಟಲಿಗೆ ಅವನು ಅಳೆದು ಸಕ್ಕರೆ ಹಾಕಿದ, ನಾನು ನಲ್ಲಿ ಹಿಡಿದು ತುಂಬಿದೆ, ಅವನು ತಂತಿ ಒತ್ತಿ ಬಿರಡೆ ಮುಚ್ಚಿದ. ಒಂದಾದ ಮೇಲೊಂದು ನಲವತ್ತು ಬಾಟಲಿ. ನನ್ನ ಕಣ್ಣೀರು ಒಂದೆರಡರಲ್ಲಿ ಬಿದ್ದಿದ್ದರೂ ಬಿದ್ದಿರಬಹುದು. ಯಾವುದರಲ್ಲೆಂದು ನೋಡಲಿಲ್ಲ.

ಮೇ ಕೊನೆಗೆ ಎರಡು ಸೂಟ್‌ಕೇಸು ತೆಗೆದುಕೊಂಡು ಹೋದ. ಕಾರಿನ ತನಕ ನಾನು ಹೋಗಲಿಲ್ಲ. ಅಡುಗೆಮನೆಯಲ್ಲಿ ನಿಂತು ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದ್ದೇನೆಂದು ಮುಚ್ಚಳ ತೆಗೆದ ಮೇಲೆ ಗೊತ್ತಾಯಿತು. ಅವ್ವನಿಗೆ ಫೋನಿನಲ್ಲಿ ಎರಡು ತಿಂಗಳು ಸುಳ್ಳು ಹೇಳಿದೆ. "ಅಳಿಯಂದ್ರು ಎಲ್ಲೆ?" ಎಂದರೆ ಆಫೀಸು, ಸ್ನಾನ, ನಿದ್ದೆ ಅನ್ನುತ್ತಿದ್ದೆ. ಒಂದು ದಿನ ಅವ್ವನೇ, "ಅವರು ಭಾಳ ನಿದ್ದೀ ಮಾಡ್ತಾರ ಬಿಡವಾ," ಅಂದಳು. ಆಮೇಲೆ ಕೇಳಲಿಲ್ಲ. ಅವಳಿಗೆ ತಿಳಿದಿತ್ತೆಂದು ನನಗೂ ತಿಳಿಯಿತು.

ಬಾಟಲಿಗಳು ನೆಲಮಾಳಿಗೆಯಲ್ಲಿದ್ದವು. ನಾನು ಒಂದನ್ನೂ ತೆರೆದಿರಲಿಲ್ಲ. ಜೂನಿನ ನಡುವೆ ಆ ಪ್ಲಂಬರ್ ಅಜ್ಜನ ಫೋನು ಬಂತು. ಬಿಯರ್ ಏನಾಯಿತು, ಕುಡಿಯುವ ಹಾಗಿದೆಯೇ, ಒಂದು ಬಾಟಲಿ ತಂದು ತೋರಿಸುತ್ತೀರಾ ಎಂದು ಕೇಳಿದರು. ಇಲ್ಲವೆನ್ನಲು ಜರ್ಮನ್ ಮಾತು ಹೊಳೆಯಲಿಲ್ಲ. ಕಾರು ಅವನ ಜೊತೆ ಹೋಗಿತ್ತು. ಒಂದು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸು ಹತ್ತಿ ಹೋದೆ.

ಅವರು ತೋಟದ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದರು. ಬಿರಡೆ ತೆಗೆದಾಗ ಆದ ಶಬ್ದಕ್ಕೆ ತಲೆಯಾಡಿಸಿದರು. ಸುರಿದು, ಲೋಟವನ್ನು ಕಿವಿಯ ಹತ್ತಿರ ಹಿಡಿದು ನೊರೆಯ ಸದ್ದು ಕೇಳಿದರು.

"ಇನ್ನು ನೀವು ಕುಡಿದು ಹೇಳಿ," ಅಂದರು. "ಆದರೆ ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ. ಮೂಗು ಹೋದ ಮೇಲೂ ಒಂದು ವರ್ಷ ನಾನು ಬಿಯರ್ ಮಾಡಿದೆ. ಹೆಂಡತಿ ಪ್ರತಿ ಸಲ ರುಚಿ ನೋಡಿ ಚೆನ್ನಾಗಿದೆ ಅಂದಳು. ಎಲ್ಲ ಹುಳಿಯಾಗಿತ್ತಂತೆ. ನನಗೆ ಬೇಜಾರಾದೀತೆಂದು ಅಷ್ಟನ್ನೂ ಕುಡಿದಳು. ಹೇಗಿದೆಯೋ ಹಾಗೆ ಹೇಳಿ."

ಕುಡಿದೆ. ಮೊದಲು ರೊಟ್ಟಿಯ ಸುಟ್ಟ ಅಂಚಿನ ರುಚಿ. ಆಮೇಲೆ ಸಣ್ಣಗೆ ಸಿಹಿ. ಕೊನೆಗೆ ಗಂಟಲಲ್ಲಿ ಉಳಿಯುವ ಕಹಿ, ಬೇಡವೆನಿಸದ ಕಹಿ. ಗೊತ್ತಿದ್ದ ಜರ್ಮನ್‌ನಲ್ಲಿ ಒಂದೊಂದನ್ನೇ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, ನಾನು ಹೇಳಿದ್ದಕ್ಕೆ ಸರಿಯಾಗಿ ಒಂದೊಂದು ಗುಟುಕು ಕುಡಿದರು.

"ಹುಳಿ?"

"ಇಲ್ಲ."

"ಹಾಗಾದರೆ ಅದು ಒಳ್ಳೆಯ ಬಿಯರ್. ನಿಮ್ಮ ಗಂಡ ಏನಂದರು?"

ಅವರು ಇನ್ನೂ ಕುಡಿದಿಲ್ಲ, ಕುಡಿಯುವುದಿಲ್ಲ, ನನ್ನನ್ನು ಬಿಟ್ಟು ಹೋದರು ಎಂದು ಹೇಳಲು ಹೊರಟು ಅರ್ಧದಲ್ಲಿ ಅಳತೊಡಗಿದೆ. ಅಜ್ಜ ಗಾಬರಿಯಾಗಿ ಎದ್ದು, ತೋಟದಾಚೆ ಕಳೆ ಕೀಳುತ್ತಿದ್ದ ಹೆಂಡತಿಯನ್ನು ಕರೆತಂದರು. ಆ ಅಜ್ಜಿ ಮಣ್ಣು ಮೆತ್ತಿದ ಕೈಯನ್ನೇ ನನ್ನ ಬೆನ್ನ ಮೇಲಿಟ್ಟು ಪಕ್ಕದಲ್ಲಿ ಕುಳಿತರು. ಬಿಯರ್ ಕೆಟ್ಟಿದ್ದರೆ ಆಗುತ್ತಿತ್ತು, ಚೆಲ್ಲಿ ಬರುತ್ತಿದ್ದೆ. ಅದು ಒಳ್ಳೆಯದಾಗಿತ್ತು. ಒಳ್ಳೆಯದಾಗಿದೆಯೆಂದು ಮೊದಲು ಹೇಳಬೇಕೆನಿಸಿದ್ದು ಅವನಿಗೇ.

ಇಲ್ಲಿ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆ ಇರಬೇಕೆಂದು ಕಾನೂನಿದೆ. ಆ ವರ್ಷದ ನಡುವೆ, ಅಕ್ಟೋಬರಿನಲ್ಲಿ, ಅವನು ತನ್ನ ಚಳಿಗಾಲದ ಬಟ್ಟೆ, ಪುಸ್ತಕ ತೆಗೆದುಕೊಂಡು ಹೋಗಲು ಬಂದ. ತೆಳ್ಳಗಾಗಿದ್ದ. ಉಪ್ಪಿಟ್ಟು ಮಾಡಿದ್ದೆ, ತಿಂದ. ಎರಡನೆಯ ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ನಿಂತು ಒಮ್ಮೆ ನೋಡಿದ.

"ಬಿಯರ್ ಹೆಂಗಾಗಿತ್ತು?" ಎಂದು ಕೇಳಿದ.

"ಛಲೋ ಆಗಿತ್ತು."

"ಒಂದರೆ ಉಳದದೇನು?"

ಮೂವತ್ತಕ್ಕೂ ಹೆಚ್ಚು ಬಾಟಲಿ ಕೆಳಗೆ ಕತ್ತಲಲ್ಲಿದ್ದವು. "ಇಲ್ಲ, ಮುಗದು ಹೋತು," ಅಂದೆ.

ಅವನು ತಲೆಯಾಡಿಸಿದ. ತಟ್ಟೆ ತೊಳೆದಿಟ್ಟ. ಪುಸ್ತಕದ ಪೆಟ್ಟಿಗೆಗಳನ್ನು ಒಂದೊಂದಾಗಿ ಕಾರಿಗೆ ಒಯ್ದ. ಕೊನೆಯದನ್ನು ಎತ್ತಿಕೊಂಡಾಗ ಬಾಗಿಲು ಹಿಡಿದು ನಿಲ್ಲಲು ನನ್ನನ್ನು ಕರೆದ. ಅವನು ದಾಟುವವರೆಗೂ ನಾನು ಬಾಗಿಲು ಹಿಡಿದು ನಿಂತಿದ್ದೆ.